ಗಬ್ಬ ನಿಲ್ಲದ ಸೀಮೆಹಸುವೂ ಗರ್ಭಕೋಶದ ಗ್ರಾಹಕಗಳೂ

ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಾಲಿನ ಡೇರಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಇದು: ಮೂರು ಸಲ ಸೆಮೆನ್ ಹಾಕಿಸಿದರೂ ಹಸು ಗಬ್ಬ ನಿಲ್ಲಲಿಲ್ಲ, 21 ದಿನಕ್ಕೆ ಸರಿಯಾಗಿ ಬೆದೆಗೆ ಬಂತು. ‘ಹಾರ್ಮೋನ್ ಕಮ್ಮಿ’ ಎಂದು ಇಂಜೆಕ್ಷನ್ ಕೊಡಿಸುತ್ತಾರೆ. ಆದರೆ ಎಷ್ಟೋ ಸಲ ರಕ್ತದಲ್ಲಿ ಹಾರ್ಮೋನ್ ಇರುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕ (ರಿಸೆಪ್ಟರ್ ಎಂಬ ಪ್ರೊಟೀನ್) ಆ ದಿನ ಗರ್ಭಕೋಶದ ಜೀವಕೋಶದಲ್ಲಿ ಇದೆಯೇ ಎಂಬುದೇ ಮುಖ್ಯ.

ಇದು ತಿಳಿಯಲು ಬಹಳ ಕಾಲ ಹಿಡಿಯಿತು. 1923ರಲ್ಲಿ ವಿಜ್ಞಾನಿ ಲಿಯೊ ಲೋಬ್ ಗಿನಿಪಿಗ್‌ಗಳ ಗರ್ಭಕೋಶ ತೆಗೆದಾಗ ಅಂಡಾಶಯದ ಕಾರ್ಪಸ್ ಲೂಟಿಯಂ (ಅಂಡ ಹೊರಬಿದ್ದ ಜಾಗದಲ್ಲಿ ಬೆಳೆದು, ಗರ್ಭ ಕಾಯುವ ಪ್ರೊಜೆಸ್ಟರಾನ್ ಹಾರ್ಮೋನ್ ಸುರಿಸುವ ಗಂಟು) ಕರಗದೆ ಉಳಿಯಿತು. ಅಂದರೆ ಕರಗಿಸುವ ಆಜ್ಞೆ ಹೊರಡುವುದು ಗರ್ಭಕೋಶದಿಂದ. 1950ರ ದಶಕದ ಕೊನೆಗೆ ಷಿಕಾಗೊದಲ್ಲಿ ಎಲ್ವುಡ್ ಜೆನ್ಸನ್ ವಿಕಿರಣಶೀಲ ಎಸ್ಟ್ರಾಡಯಾಲನ್ನು (ಒಂದು ಬಗೆಯ ಈಸ್ಟ್ರೊಜೆನ್) ಎಳೆ ಇಲಿಗಳಿಗೆ ಕೊಟ್ಟು ನೋಡಿದರು. ಬೇರೆ ಅಂಗಗಳಿಂದ ಅದು ಬೇಗ ಜಾರಿಹೋಯಿತು, ಗರ್ಭಕೋಶ ಮಾತ್ರ ಹಿಡಿದಿಟ್ಟುಕೊಂಡಿತು. ಗ್ರಾಹಕದ ಕಲ್ಪನೆ ಗಟ್ಟಿಯಾದದ್ದು ಅಲ್ಲಿಂದ. 1972ರಲ್ಲಿ ಕುರಿಗಳ ಮೇಲಿನ ಕೆಲಸ ಲೋಬ್ ಕಂಡ ಆಜ್ಞೆಯ ಹೆಸರು ಹೇಳಿತು: ಪ್ರೊಸ್ಟಾಗ್ಲಾಂಡಿನ್ ಎಫ್2 ಆಲ್ಫಾ.

ಹಸುವಿನಲ್ಲಿ ನಡೆಯುವುದು ಹೀಗೆ. ಬೆದೆಯ ದಿನ ಬೆದೆ ತರಿಸುವ ಹಾರ್ಮೋನ್ ಈಸ್ಟ್ರೊಜೆನ್ ಏರಿ, ತನ್ನ ಗ್ರಾಹಕಗಳ ಜೊತೆಗೆ ಪ್ರೊಜೆಸ್ಟರಾನ್‌ನ ಗ್ರಾಹಕಗಳನ್ನೂ ಹೆಚ್ಚಿಸುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಏರಿದಂತೆ ಈಸ್ಟ್ರೊಜೆನ್ ಗ್ರಾಹಕಗಳೂ ಆಕ್ಸಿಟೋಸಿನ್ (ಪ್ರೊಸ್ಟಾಗ್ಲಾಂಡಿನ್ ಹೊರಡಿಸುವ ಹಾರ್ಮೋನ್) ಗ್ರಾಹಕಗಳೂ ಅಡಗುತ್ತವೆ. ಸುಮಾರು 10–12 ದಿನ ಪ್ರೊಜೆಸ್ಟರಾನ್‌ಗೆ ಒಡ್ಡಿಕೊಂಡ ಒಳಪದರದ ಜೀವಕೋಶಗಳು ಅದರ ಗ್ರಾಹಕವನ್ನೇ ಕಳೆದುಕೊಳ್ಳುತ್ತವೆ. ಹಾರ್ಮೋನ್ ತುಂಬಿದ್ದರೂ ತಡೆ ಸಡಿಲಾಗುತ್ತದೆ. ಬೆದೆಯಿಂದ 15–17ನೇ ದಿನಕ್ಕೆ ಆಕ್ಸಿಟೋಸಿನ್ ಗ್ರಾಹಕ ಏರಿ, ಪ್ರೊಸ್ಟಾಗ್ಲಾಂಡಿನ್ ಅಲೆಅಲೆಯಾಗಿ ಹೊರಟು, ಗರ್ಭಕೋಶದ ಸಿರೆಯಿಂದ ಪಕ್ಕದ ಅಂಡಾಶಯದ ಧಮನಿಗೆ ದಾಟಿ ಕಾರ್ಪಸ್ ಲೂಟಿಯಂ ಕರಗಿಸುತ್ತದೆ. ಪ್ರೊಜೆಸ್ಟರಾನ್ ಇಳಿದು ಹಸು ಮತ್ತೆ ಬೆದೆಗೆ ಬರುತ್ತದೆ.

ಭ್ರೂಣ ಬದುಕಬೇಕಾದರೆ ಅಷ್ಟರೊಳಗೆ ಇಂಟರ್‌ಫೆರಾನ್ ಟೌ ಎಂಬ ಸಂಕೇತದ ಪ್ರೊಟೀನ್ ಸುರಿಸಿ ಆಕ್ಸಿಟೋಸಿನ್ ಗ್ರಾಹಕಗಳು ಏಳದಂತೆ ನೋಡಿಕೊಳ್ಳಬೇಕು. ಹಿಂದೆ ಬಿದ್ದ, ಉದ್ದ ಬೆಳೆಯದ ಭ್ರೂಣಕ್ಕೆ ಇದು ಆಗುವುದಿಲ್ಲ. ರೈತನ ಕಣ್ಣಿಗೆ ಕಾಣುವುದು ಮತ್ತೊಂದು ಬೆದೆ ಅಷ್ಟೆ. ಒಳಗೆ ಗರ್ಭ ಕಟ್ಟಿ, ಆಮೇಲೆ ಕಳೆದುಹೋಗಿರುತ್ತದೆ.

ಬೆಳವಣಿಗೆಯ ಅಂಶಗಳು (ಜೀವಕೋಶ ಬೆಳೆಯಲು ಹೇಳುವ ಪ್ರೊಟೀನ್‌ಗಳು) ಈ ಕಥೆಗೆ ಸೇರಿದ್ದು ತಡವಾಗಿ. 1990ರ ದಶಕದ ಆರಂಭದಲ್ಲಿ ಇಲಿಗಳ ಗರ್ಭಕೋಶವನ್ನು ಈಸ್ಟ್ರೊಜೆನ್ ಇಲ್ಲದೆ ಇಜಿಎಫ್ ಎಂಬ ಇಂಥ ಅಂಶವೊಂದೇ ಬೆಳೆಸಬಲ್ಲದು ಎಂದು ಕಂಡಿತು. 1996ರಲ್ಲಿ ಈಸ್ಟ್ರೊಜೆನ್ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಅದು ಆಗಲಿಲ್ಲ. ಇಜಿಎಫ್ ಒಳಗಿನಿಂದಲೇ ಈಸ್ಟ್ರೊಜೆನ್ ಗ್ರಾಹಕವನ್ನು ಎಬ್ಬಿಸುತ್ತದೆ ಎಂದಾಯಿತು. ಆರೋಗ್ಯವಂತ ಹಸುವಿನ ಗರ್ಭಕೋಶದ ಒಳಪದರದಲ್ಲಿ ಇಜಿಎಫ್ 2–4ನೇ ದಿನ, ಮತ್ತೆ 13–14ನೇ ದಿನ ಏರುತ್ತದೆ. ಪದೇ ಪದೇ ಬೆದೆಗೆ ಬರುವ ಹಲವು ಹಸುಗಳಲ್ಲಿ ಈ ಏರಿಕೆ ಕಾಣುವುದಿಲ್ಲ ಎಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಕರು ಹಾಕಿದ ಮೊದಲ ವಾರಗಳಲ್ಲಿ ಹಾಲಿಗೆ ತಕ್ಕ ಮೇವು ಹಿಂಡಿ ಸಿಗದ ಹಸುವಿನ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ಬೆಳವಣಿಗೆಯ ಅಂಶವನ್ನು ಕಮ್ಮಿ ತಯಾರಿಸುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬರೀ ರಾಗಿಹುಲ್ಲಿನ ಮೇಲೆ ನಿಂತ ಹಸುಗೆ ಹಾರ್ಮೋನ್ ಕೊಡುವ ಮೊದಲು ಬಾನಿ ನೋಡಬೇಕು.

ಇಂಜೆಕ್ಷನ್‌ಗೂ ದಿನದ ಲೆಕ್ಕವಿದೆ. ಬೆದೆಯಾದ ಮೊದಲ 5 ದಿನ ಪ್ರೊಸ್ಟಾಗ್ಲಾಂಡಿನ್ ಕೊಟ್ಟರೆ ವ್ಯರ್ಥ: ಎಳೆ ಕಾರ್ಪಸ್ ಲೂಟಿಯಂನಲ್ಲಿ ಗ್ರಾಹಕವಿದ್ದರೂ ಕರಗುವ ಶಕ್ತಿ ಬಂದಿರುವುದಿಲ್ಲ. ದಿನ ಗೊತ್ತಿಲ್ಲದ ಹಸುಗೆ 1995ರಿಂದ ಬಳಕೆಗೆ ಬಂದ ಓವ್‌ಸಿಂಕ್ ಕ್ರಮವೇ ವಾಸಿ: ಮೊದಲ ದಿನ ಜಿಎನ್‌ಆರ್‌ಎಚ್ (ಅಂಡ ಬಿಡುಗಡೆಗೆ ಚಾಲನೆ ಕೊಡುವ ಹಾರ್ಮೋನ್), 7 ದಿನದ ನಂತರ ಪ್ರೊಸ್ಟಾಗ್ಲಾಂಡಿನ್, ಅದಾದ ಎರಡು ದಿನಕ್ಕೆ ಮತ್ತೆ ಜಿಎನ್‌ಆರ್‌ಎಚ್, 16–20 ಗಂಟೆಯ ಮೇಲೆ ಸೆಮೆನ್. ಇದಕ್ಕೂ ಮುಂಚೆ ವೈದ್ಯರಿಂದ ಗಬ್ಬದ ಪರೀಕ್ಷೆ ಆಗಿರಲೇಬೇಕು. ಗಬ್ಬದ ಹಸುಗೆ ಪ್ರೊಸ್ಟಾಗ್ಲಾಂಡಿನ್ ಬಿದ್ದರೆ ಕಂದು ಹಾಕುತ್ತದೆ. ಔಷಧಿ ಚರ್ಮದ ಮೂಲಕವೂ ಇಳಿಯುವುದರಿಂದ ಗರ್ಭಿಣಿಯರು, ಉಬ್ಬಸ ಇರುವವರು ಆ ಬಾಟಲಿ ಮುಟ್ಟಬಾರದು.