ಬ್ಲ್ಯಾಕ್ ಟಿಕೆಟ್‌ನವರು ಎಲ್ಲಿಗೆ ಹೋದರು?

"ಬಾಲ್ಕನಿ ಐವತ್ತು, ಬಾಲ್ಕನಿ ಐವತ್ತು." ಮೆಜೆಸ್ಟಿಕ್‌ನಲ್ಲಿ ಸಿನಿಮಾ ನೋಡಿ ಬೆಳೆದವರಿಗೆ ಈ ಪಿಸುಮಾತು ನೆನಪಿರುತ್ತದೆ. ಕೆ.ಜಿ. ರಸ್ತೆಯಲ್ಲಿ ಹೌಸ್‌ಫುಲ್ ಬೋರ್ಡ್ ನೇತುಹಾಕಿದ ಕೂಡಲೇ, ಬ್ಲ್ಯಾಕ್‌ನವರು ನಮ್ಮ ಮುಖವನ್ನೂ ನೋಡದೆ ಪಕ್ಕದಲ್ಲೇ ಹಾದುಹೋಗುತ್ತಾ ಅಂದುಬಿಡುತ್ತಿದ್ದರು. ಹ್ಞೂಂ ಅಂದರೆ ಮುಷ್ಟಿಯಿಂದ ಬೆವರಿಗೆ ಮೆತ್ತಗಾದ ಗುಲಾಬಿ ಚೀಟಿ ಹೊರಗೆ ಬರುತ್ತಿತ್ತು.

ಆ ದಂಧೆಗೊಂದು ಮಿತಿ ಇತ್ತು. ಕ್ಯೂ ನಿಂತು, ಕಿಂಡಿಯೊಳಗೆ ಕೈ ತೂರಿಸಿ ತೆಗೆದುಕೊಂಡದ್ದು ಎಷ್ಟು ಮಹಾ ಟಿಕೆಟ್? ತೆರೆ ಮೇಲೆ ಹೆಸರು ಬೀಳೋ ಹೊತ್ತಿಗೆ ಖರ್ಚಾಗದಿದ್ದರೆ ಅಸಲೂ ಹೋಯ್ತು. ಅದಕ್ಕೇ ಕೊನೆ ಗಳಿಗೆಯಲ್ಲಿ ಅವರೇ ರೇಟು ಇಳಿಸುತ್ತಿದ್ದರು. ಪೊಲೀಸರು ಬಂದರೆ ಓಟ.

ಆನ್‌ಲೈನ್ ಬುಕಿಂಗ್ ಬಂದಾಗ ಇದೆಲ್ಲ ಮುಗೀತು ಅಂದುಕೊಂಡೆವು. ಸಿನಿಮಾ ಮಟ್ಟಿಗೆ ಬಹುಪಾಲು ಮುಗಿಯಿತು ಕೂಡ, ಯಾಕಂದ್ರೆ ಒಂದೇ ಸಿನಿಮಾ ಊರ ತುಂಬಾ ಓಡುತ್ತೆ, ಇಲ್ಲಿ ಸಿಗದಿದ್ದರೆ ಅಲ್ಲಿ ಸಿಗುತ್ತೆ. ಕ್ರಿಕೆಟ್ ಮ್ಯಾಚು, ಸಂಗೀತ ಕಾರ್ಯಕ್ರಮ ಹಾಗಲ್ಲವಲ್ಲ. ಒಂದೇ ಜಾಗ, ಒಂದೇ ರಾತ್ರಿ. ಬ್ಲ್ಯಾಕ್‌ನವರು ಅಲ್ಲಿಗೆ ಬಂದರು, ಮುಖ ಕಾಣದ ಹಾಗೆ.

2024ರ ಸೆಪ್ಟೆಂಬರ್ 22, ಭಾನುವಾರ. ಬ್ರಿಟನ್ನಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇ ನವಿ ಮುಂಬೈನಲ್ಲಿ ಕೊಡಲಿದ್ದ ಕಾರ್ಯಕ್ರಮದ ಟಿಕೆಟ್ ಮಧ್ಯಾಹ್ನ 12ಕ್ಕೆ ಬಿಟ್ಟರು. ಬೆಲೆ 2,500 ರೂಪಾಯಿಯಿಂದ 35,000. ನನ್ನ ಅಕ್ಕನ ಮಗಳು ಎರಡು ಫೋನು, ಒಂದು ಲ್ಯಾಪ್‌ಟಾಪ್ ಹರಡಿಕೊಂಡು ಕೂತಿದ್ದಳು. ಕ್ಯೂನಲ್ಲಿ ಅವಳ ಮುಂದೆ ಲಕ್ಷಗಟ್ಟಲೆ ಜನ. ಅವಳ ಸರದಿ ಬರಲೇ ಇಲ್ಲ. ಮರುಮಾರಾಟದ ಸೈಟುಗಳಲ್ಲಿ ಮಾತ್ರ ಅದೇ ಟಿಕೆಟ್‌ಗೆ ಲಕ್ಷಗಳಲ್ಲಿ ಬೆಲೆ ಹಾಕಿದ್ದರು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರೂ ಸೇರಿ ಐದು ನಗರಗಳಲ್ಲಿ ಶೋಧ ನಡೆಸಿತು, ಸೋಷಿಯಲ್ ಮೀಡಿಯಾದಲ್ಲಿ ನಕಲಿ ಟಿಕೆಟ್ ಮಾರುತ್ತಿದ್ದುದೂ ಗೊತ್ತಾಯಿತು.

ನನಗೆ ಸಿಟ್ಟು ಬರೋದು ಇಲ್ಲೇ. ಅನುಮತಿ ಇಲ್ಲದೆ ರೈಲು ಟಿಕೆಟ್ ದಂಧೆ ಮಾಡಿದರೆ 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು. ಟಿಕೆಟ್ ಮಿತಿ ತಪ್ಪಿಸಿ ಬಾಚಿಕೊಳ್ಳುವ ಸಾಫ್ಟ್‌ವೇರ್‌ಗೆ ಅಮೆರಿಕ 2016ರಲ್ಲೇ ಕಾನೂನು ಮಾಡಿ ತಡೆ ಹಾಕಿತು. ನಮ್ಮಲ್ಲಿ ಆನ್‌ಲೈನ್ ಬ್ಲ್ಯಾಕ್ ವಿರುದ್ಧ ನಿಯಮ ಬೇಕು ಅಂತ ಬಾಂಬೆ ಹೈಕೋರ್ಟ್‌ಗೆ ಹೋದ ಅರ್ಜಿ 2025ರ ಜನವರಿಯಲ್ಲಿ ವಜಾ ಆಯಿತು. ಕಾನೂನು ಮಾಡೋದು ಶಾಸನಸಭೆಗಳಿಗೆ ಬಿಟ್ಟ ವಿಷಯ ಅಂದಿತು ಕೋರ್ಟು. ಸರಿ, ಹಾಗಾದರೆ ಅವರು ಮಾಡಲಿ. ಟಿಕೆಟ್ ಮೇಲೆ ಹೆಸರಿರಲಿ, ಹೋಗಲಾಗದವರು ಅದೇ ಆ್ಯಪ್‌ಗೆ ಅದೇ ಬೆಲೆಗೆ ವಾಪಸ್ ಕೊಡುವಂತಿರಲಿ, ಕ್ಯೂನಲ್ಲಿ ಮುಂದಿನವರಿಗೆ ಅದು ಹೋಗಲಿ.