ಕರಿಕೋಳಿಯ ಮೂರು ಬಳಿ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದ ಮೇಲೆ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆ ಮೂಲೆಯಲ್ಲಿ ನಾಟಿ ಹೇಂಟೆಯೊಂದನ್ನು 11 ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸಿದ್ದೆ. ಮೊಟ್ಟೆಗಳು ಮೈಯೆಲ್ಲ ಕಪ್ಪಗಿರುವ ಕಡಕ್‌ನಾಥ್ ಎಂಬ ಕರಿಕೋಳಿಯವು. ಅಪ್ಪಟ ತಳಿ ಎಂಬ ಮಾತು ನಂಬಿ ಸಂತೆಯೊಂದರಿಂದ ಒಂದು ಹುಂಜ, ಎರಡು ಹೇಂಟೆ ತಂದು ಸಾಕಿದ್ದೆವು. 21ನೆಯ ದಿನ ಬುಟ್ಟಿ ಎತ್ತಿದರೆ ಒಂಬತ್ತು ಮರಿ. ಕಾಲು, ಕೊಕ್ಕು, ಚರ್ಮ ಎಲ್ಲ ಕಪ್ಪಾಗಿದ್ದವು ನಾಲ್ಕೇ. ಉಳಿದವುಗಳ ಕಾಲು ಮಸುಕು, ಒಂದೆರಡರದ್ದು ಬೆಳ್ಳಗೆ. ಅಮ್ಮ ಒಂದನ್ನು ಅಂಗೈಯಲ್ಲಿ ಮಗುಚಿ ನೋಡಿ, "ಇದು ಬೆರಕೆ ಕಣೋ" ಅಂದರು.

ಮಧ್ಯಪ್ರದೇಶದ ಝಾಬುವಾ ಸೀಮೆಯ ಈ ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ ಮೇಲೆ ಬೇಡಿಕೆ ಏರಿತು, ಜೊತೆಗೆ ಬೆರಕೆಯೂ. ಆದರೆ ನಾನು ತಂದ ಹೇಂಟೆಗಳು ನಿಜಕ್ಕೂ ಇದ್ದಿಲಿನಂತೆ ಕಪ್ಪಗಿದ್ದವು. ಮತ್ತೆ ಅವುಗಳ ಮಕ್ಕಳು ಬೆಳ್ಳಗಾದದ್ದು ಹೇಗೆ?

ಕಡಕ್‌ನಾಥ್‌ನ ಕಪ್ಪು ಗರಿಗೆ ನಿಲ್ಲುವುದಿಲ್ಲ. ಚರ್ಮ, ಮಾಂಸ, ಎಲುಬಿನ ಪೊರೆಯವರೆಗೂ ಇಳಿಯುತ್ತದೆ. 20ನೆಯ ವರ್ಣತಂತುವಿನ ಒಂದು ಭಾಗ ನಕಲಾಗಿ ಎರಡೆರಡು ಪ್ರತಿ ಉಳಿದುಕೊಂಡದ್ದೇ ಇದಕ್ಕೆ ಕಾರಣ ಎಂದು 2011ರಲ್ಲಿ ಗೊತ್ತಾಯಿತು. ಆ ಭಾಗದಲ್ಲಿರುವ ಎಂಡೋಥೆಲಿನ್-3 ಎಂಬ ಜೀನ್ ಅತಿಯಾಗಿ ಕೆಲಸ ಮಾಡಿ, ಬಣ್ಣ ತಯಾರಿಸುವ ಕೋಶಗಳನ್ನು ಭ್ರೂಣದ ಹಂತದಲ್ಲೇ ಮೈತುಂಬ ಹರಡುತ್ತದೆ. ಚೀನಾದ ಸಿಲ್ಕಿ, ಇಂಡೋನೇಷ್ಯಾದ ಅಯಾಮ್ ಚೆಮಾನಿ ಕೋಳಿಗಳಲ್ಲಿ ಇರುವುದೂ ಇದೇ ಬದಲಾವಣೆ. ಈ ಗುಣ ಪ್ರಬಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು.

ಇದಕ್ಕೆ ಇನ್ನೊಂದು ಎಳೆ ಸೇರಿಕೊಂಡಿದೆ. ಮನುಷ್ಯರಲ್ಲಿ ಗಂಡಿನ ಲಿಂಗ ವರ್ಣತಂತುಗಳು ಬೇರೆ ಬೇರೆ, ಕೋಳಿಯಲ್ಲಿ ಹೆಣ್ಣಿನವು. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ಹಾಗಾಗಿ ಹೆಣ್ಣುಮರಿಯಲ್ಲಿರುವ ಒಂದೇ ಒಂದು ಝಡ್ ಯಾವಾಗಲೂ ಅಪ್ಪನದು. ಬಿಳಿ ಅಥವಾ ಹಳದಿ ಕಾಲಿನ ಊರಕೋಳಿಯ ಝಡ್‌ನಲ್ಲಿ, ಕಪ್ಪು ಚರ್ಮಕ್ಕೆ ಇಳಿಯದಂತೆ ತಡೆಯುವ ಜೀನ್ ಇರುತ್ತದೆ. ಕಡಕ್‌ನಾಥ್‌ನಲ್ಲಿ ಆ ತಡೆ ಇಲ್ಲ. ಅಪ್ಪಟ ಕಡಕ್‌ನಾಥ್ ಹುಂಜವನ್ನು ಊರ ಹೇಂಟೆಗೆ ಬಿಟ್ಟರೆ, ಹೆಣ್ಣುಮರಿಗಳಿಗೆ ಅಪ್ಪನ ತಡೆಯಿಲ್ಲದ ಝಡ್ ಬರುತ್ತದೆ, ಪೂರ್ತಿ ಕಪ್ಪಾಗುತ್ತವೆ. ಗಂಡುಮರಿಗಳಿಗೆ ಅಮ್ಮನಿಂದ ತಡೆಯೂ ಬರುತ್ತದೆ, ಮಸುಕಾಗುತ್ತವೆ. ಸಿಲ್ಕಿ ಕೋಳಿಯಲ್ಲಿ ಈ ವಿಚಿತ್ರವನ್ನು ಬ್ರಿಟನ್ನಿನ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನೆಟ್ 1911ರಲ್ಲೇ ವಿವರಿಸಿದ್ದರು.

ನನ್ನ ಕರಿ ಹೇಂಟೆಗಳು ಇಂಥ ಅರ್ಧ ಬೆರಕೆಗಳು. ಹುಂಜದ ಕಾಲು ಕೊಂಚ ತಿಳಿಯಾಗಿದ್ದುದನ್ನು ನಾನು ಗಮನಿಸಬೇಕಿತ್ತು. ಗುಟ್ಟು ಅಲ್ಲೇ ಇತ್ತು. ಈಗ ಯಾರಾದರೂ ಕೇಳಿದರೆ ಹೇಳುವುದು ಒಂದೇ: ಕರಿ ಹೇಂಟೆ ಕೊಳ್ಳುವಾಗ ಅದರ ಅಣ್ಣತಮ್ಮಂದಿರನ್ನು ನೋಡಿ.

ಹಾಗಾದರೆ ಶುದ್ಧ ತಳಿ ಎಂದರೇನು? ನಮ್ಮ ಅಡಿಕೆ ತೋಟದಂಚಿನ ಕಾಡಿನಲ್ಲಿ ಬೆಳಗಿನ ಜಾವ ಕೂಗುವ ಬೂದು ಕಾಡುಕೋಳಿಯನ್ನು ಕೇಳಬೇಕು. ಊರಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಜಗತ್ತಿನ ಎಷ್ಟೋ ತಳಿಗಳ ಅರಿಶಿನದಂಥ ಕಾಲು ಬಂದದ್ದು ಅದರಿಂದಲ್ಲ, ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಿಳಿಯಿತು. ಮೇವಿನ ಹಳದಿ ಬಣ್ಣವನ್ನು ಚರ್ಮದಲ್ಲಿ ಒಡೆದುಹಾಕುವ ಕಿಣ್ವದ ಜೀನ್ ಆ ಹಕ್ಕಿಯಲ್ಲಿ ಬೇರೆ ರೂಪದಲ್ಲಿದೆ. ಹಳದಿ ಅಲ್ಲೇ ಉಳಿದುಬಿಡುತ್ತದೆ. ನಮ್ಮ ಸಹ್ಯಾದ್ರಿಯ ಹಕ್ಕಿಯ ಗುರುತು ಲೆಗ್‌ಹಾರ್ನ್ ಕೋಳಿಯ ಕಾಲಲ್ಲಿದೆ ಎಂದು ಮೊದಲು ಓದಿದ ದಿನ ನನಗೆ ತುಂಬ ಸಂತೋಷವಾಗಿತ್ತು. ಅಂದರೆ ಬೆರೆಯದೇ ಉಳಿದ ರಕ್ತ ಎಂಬುದು ಎಲ್ಲೂ ಇಲ್ಲ. ಮಕ್ಕಳು, ಮೊಮ್ಮಕ್ಕಳು ತಪ್ಪದೆ ಅಪ್ಪ ಅಮ್ಮನ ಹಾಗೇ ಬಂದರೆ ಅದು ಶುದ್ಧ ತಳಿ, ಅಷ್ಟೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲಿಗೆ ಬಹಳ ಒಳ್ಳೆಯ ಕೋಳಿ. ಆದರೆ ಮಿಶ್ರತಳಿಯಾದ್ದರಿಂದ ಅದರ ಮರಿಗಳಲ್ಲಿ ಅದೇ ಗುಣ ನಿಲ್ಲುವುದಿಲ್ಲ.

ಶುದ್ಧ ಹಕ್ಕಿ ಸಿಕ್ಕಿತು ಅಂದುಕೊಳ್ಳಿ. ಹಿತ್ತಲಲ್ಲಿ ಅದು ಕೆಡುವುದು ಹೆಚ್ಚಾಗಿ ಹೊರಗಿನ ಹುಂಜದಿಂದಲ್ಲ, ಮನೆಯ ಹುಂಜದಿಂದಲೇ. ಚೆಂದದ ಒಂದು ಹುಂಜ ಇಟ್ಟುಕೊಂಡು ಉಳಿದವನ್ನೆಲ್ಲ ಹಬ್ಬಕ್ಕೆ ಕಡುಬಿನ ಜೊತೆ ಸಾರು ಮಾಡುವುದು ನಮ್ಮ ರೂಢಿ. ಮುಂದಿನ ವರ್ಷ ಮರಿಗಳೆಲ್ಲ ಒಂದೇ ಅಪ್ಪನವು. ಅದರ ಮುಂದಿನ ವರ್ಷ ಅಪ್ಪನಿಗೇ ಮಗಳು, ಇಲ್ಲವೇ ಅಣ್ಣನಿಗೆ ತಂಗಿ.

ಇದನ್ನು ಲೆಕ್ಕದಲ್ಲಿ ನೋಡಬಹುದು. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ನಾಲ್ಕರಿಂದ ಮತ್ತೆ ಗುಣಿಸಿ, ಒಟ್ಟು ಹಕ್ಕಿಗಳಿಂದ ಭಾಗಿಸಿ. ಬರುವುದು ವಂಶದ ದೃಷ್ಟಿಯಿಂದ ನಿಮ್ಮಲ್ಲಿ ನಿಜವಾಗಿ ಎಷ್ಟು ಹಕ್ಕಿಗಳಿವೆ ಎಂಬ ಸಂಖ್ಯೆ. ಒಂದು ಹುಂಜ, 11 ಹೇಂಟೆ ಇದ್ದರೆ ಉತ್ತರ 3.7. ಅದೇ ಹನ್ನೆರಡು ಹಕ್ಕಿಗಳಲ್ಲಿ ಮೂರು ಹುಂಜ, ಒಂಬತ್ತು ಹೇಂಟೆ ಇದ್ದರೆ 9. ಮೊದಲನೆಯ ಗುಂಪಿನಲ್ಲಿ ರಕ್ತಸಂಬಂಧದ ಒತ್ತಡ ಪ್ರತಿ ಪೀಳಿಗೆಗೆ ಸುಮಾರು ಶೇ. 13.6 ಏರುತ್ತದೆ, ಎರಡನೆಯದರಲ್ಲಿ ಶೇ. 5.6. ಮೇವು ಅಷ್ಟೇ, ಗೂಡು ಅಷ್ಟೇ. ಒತ್ತಡ ಏರಿದಂತೆ ಅಡಗಿದ್ದ ದೋಷಗಳು ಜೋಡಿಯಾಗಿ ಹೊರಬರುತ್ತವೆ. ಮೊದಲು ಮೊಟ್ಟೆಯೊಳಗೇ ಸಾಯುವ ಮರಿಗಳು ಹೆಚ್ಚುತ್ತವೆ, ಆಮೇಲೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ನಾವು ಮಳೆಯನ್ನೋ ಕಾವಿನ ಹೇಂಟೆಯನ್ನೋ ದೂರುತ್ತೇವೆ.

ಇದಕ್ಕೆ ಪರಿಹಾರ ನಮ್ಮ ಬದುಕಿನಲ್ಲೇ ಇದೆ. ಮಲೆನಾಡಿನ ಕೆಲವು ಸಮುದಾಯಗಳಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ, ಒಂದೇ ಬಳಿಯೊಳಗೆ ಮದುವೆಯಿಲ್ಲ. ಕೋಳಿತಳಿ ಉಳಿಸುವವರ ಪದ್ಧತಿಯೂ ಹಾಗೇ. ಹಕ್ಕಿಗಳನ್ನು ಮೂರು ಬಳಿ ಮಾಡಿ, ಕಾಲಿಗೆ ಕೆಂಪು, ಹಸಿರು, ಹಳದಿ ಬಳೆ ಹಾಕಿ. ಹೆಣ್ಣುಮರಿ ತಾಯಿಯ ಬಳಿಯಲ್ಲೇ ಉಳಿಯಲಿ. ಕೆಂಪು ಬಳಿಯ ಮಗ ಹಸಿರಿನ ಹೇಂಟೆಗಳಿಗೆ, ಹಸಿರಿನವನು ಹಳದಿಗೆ, ಹಳದಿಯವನು ಕೆಂಪಿಗೆ. ಪ್ರತಿ ಪೀಳಿಗೆಗೂ ಹಳೆಯ ಹುಂಜ ತೆಗೆದು ಹೊಸದು, ಇದೇ ದಿಕ್ಕಿನಲ್ಲಿ. ಅಣ್ಣತಂಗಿ, ಅಪ್ಪಮಗಳು ಎಂದೂ ಜೋಡಿಯಾಗುವುದಿಲ್ಲ.

ಪೀಳಿಗೆ ಗೊತ್ತಿರುವ ಹಕ್ಕಿಗಳನ್ನು ಬೇರೆ ಬೇರೆ ಕಡೆಯಿಂದ ತಂದು ಹೀಗೆ ಮತ್ತೆ ಶುರುಮಾಡಿದೆವು. ಮೂರು ಬಳಿಯೂ ಒಂದೇ ಹಿತ್ತಲಲ್ಲಿಲ್ಲ. ಒಂದು ನಮ್ಮಲ್ಲಿ, ಎರಡು ನೆರೆಮನೆಗಳಲ್ಲಿ. ಕೊಕ್ಕರೆ ರೋಗ ಬಂದರೆ ಒಂದು ಗೂಡು ವಾರದೊಳಗೆ ಬರಿದಾಗಬಹುದು, ತಳಿ ಮಾತ್ರ ಇನ್ನೆರಡು ಮನೆಯಲ್ಲಿ ಉಳಿಯುತ್ತದೆ. ಹಾಗೆಂದು ಆ ರೋಗಕ್ಕೆ ಮೊದಲ ವಾರ ಹಾಕುವ ಲಸೋಟಾ ಲಸಿಕೆಯ ಹನಿ, ಎಂಟನೆಯ ವಾರದ ಲಸಿಕೆ ತಪ್ಪಿಸುವಂತಿಲ್ಲ. ಮುಂಗಾರಿನಲ್ಲಿ ನಾವು ಮರಿ ಮಾಡಿಸುವುದೇ ಇಲ್ಲ. ಒದ್ದೆ ನೆಲದಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಮರಿಗಳು ಉಳಿಯುವುದು ಕಷ್ಟ. ದೀಪಾವಳಿ ಕಳೆದು ಒಡೆದ ಮರಿ ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಬಲಿತಿರುತ್ತದೆ. ಕಡಕ್‌ನಾಥ್‌ಗೆ ಕಾವು ಕೂರುವ ಬುದ್ಧಿ ಕಡಿಮೆ, ಆ ಕೆಲಸಕ್ಕೆ ನಾಟಿ ಹೇಂಟೆಯೇ ಬೇಕು.

ಹುಂಜ ಬದಲಿಸುವಾಗ ಮಾತ್ರ ಅವಸರ ಸಲ್ಲದು. ಹೇಂಟೆಯ ಅಂಡನಾಳದಲ್ಲಿ ವೀರ್ಯ ಕೂಡಿಡುವ ಸಣ್ಣ ಸಣ್ಣ ಕೊಳವೆಗಳಿವೆ. ಹಳೆಯ ಹುಂಜ ಹೋಗಿ ಎರಡು ವಾರವಾದರೂ, ಕೆಲವೊಮ್ಮೆ ಮೂರು ವಾರವಾದರೂ ಅವನ ಮರಿಗಳೇ ಹುಟ್ಟಬಹುದು.

ನಮ್ಮ ಕೆಂಪು ಬಳಿಗೆ ಈ ಸಲದ ಹಳದಿ ಹುಂಜ ಪಕ್ಕದ ಮನೆಯ ಅಕ್ಕನಿಂದ ಬಂದು ತಿಂಗಳಾಯಿತು. ಮೊದಲ ಮೂರು ವಾರದ ಮೊಟ್ಟೆಗಳೆಲ್ಲ ಅಡುಗೆಮನೆಗೆ ಹೋದವು. ಆಮೇಲಿನವನ್ನು ತೊಳೆಯದೆ, ಪೆನ್ಸಿಲಿನಲ್ಲಿ ತಾರೀಖು ಬರೆದು, ಅಕ್ಕಿ ಡಬ್ಬದಲ್ಲಿ ದಪ್ಪ ತುದಿ ಮೇಲಾಗಿ ಇಟ್ಟಿದ್ದೇನೆ. ಒಂದು ವಾರ ದಾಟಿದರೆ ಮರಿಯಾಗುವುದು ಕಡಿಮೆಯಾಗುತ್ತ ಹೋಗುತ್ತದೆ. ನಾಟಿ ಹೇಂಟೆ ನಿನ್ನೆಯಿಂದ ಕ್ಲುಕ್ ಕ್ಲುಕ್ ಅನ್ನುತ್ತ ಬುಟ್ಟಿಯ ಸುತ್ತ ಸುಳಿಯುತ್ತಿದೆ, ಇನ್ನೂ ಕೂತಿಲ್ಲ.