ಕಾಲು ಹಾಕುವ ಮೊದಲಿನ ಮೂರು ಮೀಟರ್

ಫುಟ್‌ಬಾಲಿನಲ್ಲಿ ಎದುರಾಳಿಗೆ ಚೆಂಡು ಸಿಕ್ಕಿದ್ದೇ ತಡ, ನಮ್ಮ ಡಿಫೆಂಡರ್ ಓಡಿ ಬಂದ ವೇಗದಲ್ಲೇ ಕಾಲು ಚಾಚುತ್ತಾನೆ. ಚೆಂಡಿನವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಇವನು ಹಾಗೇ ಮುಂದೆ ಹೋಗಿಬಿಡುತ್ತಾನೆ. ಹಿಂದೆ ಉಳಿಯುವವನು ಗೋಲ್‌ಕೀಪರ್ ಒಬ್ಬನೇ. ಕಾರವಾರದ ಕಡಲತೀರದ ಸಂಜೆಯಾಟದಲ್ಲೂ ಶಿರಸಿಯ ಶಾಲಾ ಮೈದಾನಗಳಲ್ಲೂ ಕಾಣುವುದು ಇದೇ. ಹುಡುಗರಲ್ಲಿ ಧೈರ್ಯಕ್ಕೇನೂ ಕಡಿಮೆಯಿಲ್ಲ, ವೇಗ ಇಳಿಸುವುದನ್ನು ಯಾರೂ ಕಲಿಸಿರುವುದಿಲ್ಲ.

ಪೂರ್ತಿ ಓಟವೇನಿದ್ದರೂ ಪಾಸು ಉರುಳಿ ಬರುತ್ತಿರುವಾಗ. ಎದುರಾಳಿಯ ಮೊದಲ ಟಚ್ ಆಗುವ ಹೊತ್ತಿಗೆ ಮೂರು ಮೀಟರ್ ದೂರದಲ್ಲಿರಬೇಕು. ಅಲ್ಲಿಂದ ಹೆಜ್ಜೆ ಗಿಡ್ಡ, ಸೊಂಟ ತಗ್ಗು. ಸುಮಾರು ಒಂದೂವರೆ ಮೀಟರಿಗೆ ನಿಲ್ಲಬೇಕು. ಒದ್ದೆ ಹುಲ್ಲಿನ ಮೇಲೆ ಇನ್ನೊಂದು ಮೀಟರ್ ಮೊದಲೇ ವೇಗ ಇಳಿಯಲಿ.

ನಿಲ್ಲುವುದು ಓರೆಯಾಗಿ. ಎರಡೂ ಪಾದ ಸಮವಾಗಿಟ್ಟು ಎದುರಿಗೆ ನಿಂತರೆ ಚೆಂಡು ಕಾಲ ನಡುವೆ ನುಸುಳುತ್ತದೆ, ತಿರುಗಲೂ ತಡವಾಗುತ್ತದೆ. ರೈಟ್ ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್, ಆದರೆ ಅಂಚಿನಲ್ಲಿ ನುಗ್ಗಿ ಬರುವ ವಿಂಗರ್‌ಗಿಂತ ತುಸು ಒಳಬದಿಗೆ, ಎಡಗಾಲು ಮುಂದೆ ಬಲಗಾಲು ಹಿಂದೆ ಇಟ್ಟು ನಿಲ್ಲಲಿ. ಆಗ ಒಳದಾರಿ ಮುಚ್ಚುತ್ತದೆ, ವಿಂಗರ್‌ಗೆ ಮೈದಾನದ ಅಂಚಿನ ಗೆರೆಯ ಕಡೆ ಮಾತ್ರ ಜಾಗ. ಆ ಗೆರೆ ನಿಮ್ಮ ತಂಡದ ಹನ್ನೆರಡನೆಯ ಆಟಗಾರ. ನೋಟ ಚೆಂಡಿನ ಮೇಲಿರಲಿ. ಭುಜ, ಸೊಂಟ, ಕಣ್ಣು ಎಲ್ಲವೂ ಮೋಸ ಮಾಡುತ್ತವೆ.

ಕಾಲು ಹಾಕುವುದು ಯಾವಾಗ? ಟಚ್ ಉದ್ದವಾಗಿ ಚೆಂಡು ಅವನ ಕಾಲಿನಿಂದ ದೂರ ಸರಿದಾಗ. ನಮ್ಮ ಜೂನ್-ಜುಲೈ ಮೈದಾನದಲ್ಲಿ ಇನ್ನೊಂದು ಅವಕಾಶವೂ ಉಂಟು: ನಿಂತ ನೀರಿನಲ್ಲಿ ಚೆಂಡು ತಟ್ಟನೆ ನಿಲ್ಲುತ್ತದೆ, ಓಡುವವನು ಅದನ್ನು ದಾಟಿ ಹೋಗುತ್ತಾನೆ. ಎಲ್ಲೆಲ್ಲಿ ನೀರು ನಿಂತಿದೆ ಎಂದು ಆಟಕ್ಕೆ ಮೊದಲೇ ನೋಡಿಟ್ಟುಕೊಂಡ ಡಿಫೆಂಡರ್‌ಗೆ ಇದು ಪುಕ್ಕಟೆ ಲಾಭ. ಎದುರಿನಿಂದ ಚೆಂಡಿಗೆ ಪಾದ ಅಡ್ಡವಿಡುವ ಬ್ಲಾಕ್ ಟ್ಯಾಕಲ್‌ನಲ್ಲಿ ನೆಲಕ್ಕೆ ಊರಿದ ಕಾಲು ಚೆಂಡಿನ ಪಕ್ಕ ಇರಬೇಕು, ಮಂಡಿ ಬಗ್ಗಿರಬೇಕು. ಹಿಮ್ಮಡಿಗಂಟು ಬಿಗಿಹಿಡಿದು ಪಾದದ ಒಳಮಗ್ಗುಲಿನಿಂದ ಚೆಂಡಿನ ನಡುವಿಗೆ ಹೊಡೆತ. ಹಿಂದಕ್ಕೆ ವಾಲಿ ಕಾಲು ಮಾತ್ರ ಮುಂದೆ ಕೊಟ್ಟರೆ ಚೆಂಡೂ ಸಿಗದು, ಮಂಡಿಗೂ ಪೆಟ್ಟು. ಸ್ಲೈಡಿಂಗ್ ಅನ್ನು, ಅಂದರೆ ನೆಲದ ಮೇಲೆ ಜಾರಿ ಚೆಂಡು ಕಸಿಯುವುದನ್ನು, ಚಿಕ್ಕ ಹುಡುಗರಿಗೆ ಕಲಿಸಲೇಬೇಡಿ. ಒಣಗಿದ ಕೆಂಪು ಜಂಬುಮಣ್ಣಿನ ಮೈದಾನ ತೊಡೆಯ ಚರ್ಮವನ್ನೇ ಕೀಳುತ್ತದೆ.

ದಾಟಿ ಹೋದವನನ್ನು ಬೆನ್ನಟ್ಟುವಾಗ ಅವನ ಹಿಮ್ಮಡಿ ನೋಡಿಕೊಂಡು ಓಡಬಾರದು. ಅಂಚಿನ ಡಿಫೆಂಡರ್ ಹತ್ತಿರದ ಗೋಲ್‌ಕಂಬದತ್ತ, ನಡುವಿನವನು ಪೆನಾಲ್ಟಿ ಸ್ಪಾಟ್‌ನತ್ತ ಓಡಿ ಅಡ್ಡ ಬರಬೇಕು. ಹಿಂದಿನಿಂದ ಕಾಲು ಕೊಟ್ಟು ಖಚಿತ ಗೋಲಿನ ಅವಕಾಶ ತಪ್ಪಿಸಿದರೆ ಕೆಂಪು ಕಾರ್ಡ್. ಪೆನಾಲ್ಟಿ ಏರಿಯಾದೊಳಗೆ ನಿಜಕ್ಕೂ ಚೆಂಡಿಗೇ ಯತ್ನಿಸಿದ್ದರೆ ಮಾತ್ರ ಪೆನಾಲ್ಟಿಯ ಜೊತೆ ಹಳದಿ.

ಅಭ್ಯಾಸಕ್ಕೆ 15 ಮೀಟರ್ ಉದ್ದ, 8 ಮೀಟರ್ ಅಗಲದ ಪಟ್ಟಿ ಗುರುತಿಸಿ. ಒಂದು ತುದಿಯಿಂದ ಡಿಫೆಂಡರೇ ಇನ್ನೊಂದು ತುದಿಯ ಎದುರಾಳಿಗೆ ಪಾಸು ಕೊಟ್ಟು ಓಡಿಬರಲಿ. ಮೊದಲ ಐದು ನಿಮಿಷ ಟ್ಯಾಕಲ್ ಬೇಡ, ಆರು ಸೆಕೆಂಡ್ ತಡೆದರೆ ಡಿಫೆಂಡರ್‌ಗೆ ಒಂದು ಅಂಕ. ಆಮೇಲೆ ಟ್ಯಾಕಲ್ ಮಾಡಲು ಬಿಡಿ. ಕೊನೆಗೆ ನಾಲ್ಕೈದು ಮೀಟರ್ ಹಿಂದೆ, ಓರೆಯಲ್ಲಿ, ಎರಡನೆಯ ಡಿಫೆಂಡರನ್ನು ನಿಲ್ಲಿಸಿ; 'ಹೊರಗೆ', 'ತಡಿ' ಎಂದು ಕೂಗುವ ಕೆಲಸ ಅವನದು. ಕೊಂಕಣಿಯಲ್ಲಿ ಕೂಗಿದರೂ ಅಡ್ಡಿಯಿಲ್ಲ, ತಂಡದವರೆಲ್ಲ ಒಂದೇ ಪದ ಬಳಸಲಿ. ಬರಿಗಾಲಿನವರನ್ನೂ ಬೂಟು ಹಾಕಿದವರನ್ನೂ ಈ ಅಭ್ಯಾಸದಲ್ಲಿ ಬೆರೆಸಬೇಡಿ, ಮೊಣಕಾಲ ಕೆಳಗಿನ ಮೂಳೆ ಕಾಯುವ ಶಿನ್‌ಗಾರ್ಡ್ ಇಲ್ಲದವರು ಮೊದಲ ಐದು ನಿಮಿಷದ ಆಟವನ್ನಷ್ಟೇ ಆಡಲಿ.